ಹೆಪ್ಪಿನ ಲೆಕ್ಕ

ಬೆಳಗಿನ ಏಳೂವರೆ. ವೊರ್ಕುಮ್ ಊರಿನ ಕಾಲುವೆಗೆ
ರಾತ್ರಿ ಯಾರೋ ಹೆಪ್ಪು ಹಾಕಿ ಹೋಗಿದ್ದಾರೆ:
ಅಂಚಿಗೆಲ್ಲ ಕೆನೆ, ನಡುವೆ ಇನ್ನೂ ಕಪ್ಪು ನೀರು,
ಎರಡು ಬಾತುಗಳು ಆ ಕಪ್ಪನ್ನು ಕಾಯುತ್ತಿವೆ.

ನನ್ನ ಕಾರಿನಲ್ಲಿ ಸೂಜಿ, ಪಟ್ಟಿ, ಅಂಗೈಯಗಲದ ಯಂತ್ರ.
ಮಧ್ಯಾಹ್ನದೊಳಗೆ ಹದಿನೇಳು ಬೆರಳು.
ಆರನೆಯದು ವೋಪ್ಕೆಯದು.

ಅವನ ಅಡುಗೆಮನೆಯಲ್ಲಿ ಮಾತು ನಿಂತರೆ ಸಾಕು,
ಎದೆಯೊಳಗಿನ ಲೋಹದ ಕವಾಟ ಕೇಳಿಸುತ್ತದೆ.
ಗೋಡೆ ಗಡಿಯಾರ ಮಾರಿಬಿಟ್ಟೆ ಅನ್ನುತ್ತಾಳೆ ಬೌಕ್ಯೆ,
ಮನೆಗೊಂದು ಸಾಕಲ್ಲ.

ಮೂವತ್ತೆಂಟು ವರ್ಷ ಚೀಸ್ ಕಾರ್ಖಾನೆಯಲ್ಲಿ ದುಡಿದವನು.
ಹಾಲು ಯಾವ ಗಳಿಗೆಯಲ್ಲಿ ಹಾಲಾಗಿರುವುದನ್ನು ಬಿಡುತ್ತದೆಂದು
ಬೆರಳು ಅದ್ದಿ ಹೇಳುತ್ತಿದ್ದವನು.
ಆ ಬೆರಳನ್ನೇ ಚುಚ್ಚುತ್ತೇನೆ.

ಹನಿ ಪಟ್ಟಿಯೊಳಗೆ ಹರಿಯುತ್ತದೆ. ಯಂತ್ರ ಎಣಿಸುತ್ತದೆ.
ಎರಡೂವರೆಗೂ ಮೂರೂವರೆಗೂ ನಡುವೆ ಇವನ ಹದ;
ಮೇಲೆ ಹೋದರೆ ಒಳಗೊಳಗೇ ಸೋರಬಹುದು,
ಕೆಳಗಿಳಿದರೆ ಕವಾಟದ ಮೇಲೆ ಗರಣೆ ಕಟ್ಟಬಹುದು.
ಇವತ್ತು ಒಂದು ಪಾಯಿಂಟ್ ಒಂಬತ್ತು.

ರಕ್ತ ನೀರಾಗಿಸುವ ಮಾತ್ರೆ ತಾನೆ, ಒಂದೂ ತಪ್ಪಿಸಿಲ್ಲ ಎಂದ.
ನೀರಾಗಿಸುವುದಿಲ್ಲ ವೋಪ್ಕೆ.
ಯಕೃತ್ತಿನಲ್ಲೊಂದು ಕುಲುಮೆ ಇದೆ ನೋಡು,
ಗಾಯ ಕಟ್ಟಲು ಹೋಗುವ ಕೂಲಿಗಳಿಗೆ ಅಲ್ಲಿ ಕೊಕ್ಕೆ ತೊಡಿಸುತ್ತಾರೆ.
ಕೊಕ್ಕೆ ಇದ್ದವರು ಅಂಚು ಹಿಡಿದು ನಿಲ್ಲುತ್ತಾರೆ,
ಇಲ್ಲದವರು ಬರಿಗೈಲಿ ತೇಲಿ ಹೋಗುತ್ತಾರೆ.
ಕೊಕ್ಕೆ ಕೆತ್ತುವ ಉಳಿಯ ಹೆಸರು ವಿಟಮಿನ್ ಕೆ.
ಒಂದೇ ಏಟಿಗೆ ಮೊಂಡಾಗಿ ಮತ್ತೆ ಸಾಣೆಗೆ ಬರುತ್ತದೆ,
ಆ ಸಾಣೆಕಲ್ಲಿನ ಮೇಲೆ ನಿನ್ನ ಪುಟ್ಟ ಬಿಳಿ ಮಾತ್ರೆ
ಜಪ್ಪಯ್ಯ ಅಂದರೂ ಏಳದೆ ಕೂತಿರುತ್ತದೆ, ಅಷ್ಟೆ.
ಮೊದಲೇ ಕೊಕ್ಕೆ ತೊಟ್ಟವರು ಆಯುಸ್ಸು ತೀರಿಸಿಯೇ ಹೋಗಬೇಕು.
ಇಂದು ನುಂಗಿದ್ದು ನಾಳಿದ್ದು ಮಾತಾಡುತ್ತದೆ.
ಮರೆತ ದಿನವನ್ನು ಮರುದಿನ ಎರಡು ನುಂಗಿ ತೀರಿಸಬೇಡ.

ಗೋದಾಮಿನಲ್ಲಿ ಇಲಿಗೆ ಇಡುತ್ತಿದ್ದೆವಲ್ಲ, ಆ ಪಾಷಾಣ?
ಅದರ ದಾಯಾದಿಯೇ.
ಅವನು ತನ್ನ ಹೊಟ್ಟೆ ತಟ್ಟಿಕೊಂಡು ನಕ್ಕ.

ಆಗ ಒಲೆಯ ಕಡೆಯಿಂದ ಹಸಿರು ಹಬೆ.
ಕೇಲ್ ಸೊಪ್ಪು, ಆಲೂಗೆಡ್ಡೆ. ಇಬ್ಬನಿ ಕಚ್ಚಿದ ಮೇಲೆ
ಸಿಹಿಯಾಗುತ್ತದೆಂದು ವಾರವಿಡೀ ಅದೇ.
ಸಿಕ್ಕಿಬಿದ್ದಳು ಬೌಕ್ಯೆ, ಕೈಯಲ್ಲಿ ಸೌಟು.
ಬಿಡಬೇಡಮ್ಮ, ನಿನ್ನ ಸೊಪ್ಪಿನದೇನೂ ತಪ್ಪಿಲ್ಲ.
ಮಾಡಿದರೆ ಪ್ರತಿವಾರ ಅಷ್ಟಷ್ಟೇ ಮಾಡು,
ಬರಗಾಲ ಒಂದು ವಾರ, ಹಬ್ಬ ಒಂದು ವಾರ ಬೇಡ.

ಬೇರೆ ಮಾತ್ರೆ? ಮೊಣಕಾಲಿಗೆ ಅಂಗಡಿಯ ನೋವಿನ ಗುಳಿಗೆ?
ಮೂತ್ರದ ಬಣ್ಣ? ಮಲ ಕಪ್ಪಾಗಿತ್ತೆ?
ಕೊನೆಗೆ ಒಂದು: ಬಾಯಿಗೇನಾದರೂ ಹಚ್ಚಿದೆಯಾ?

ಇದನ್ನು ನಾನು ಸಿಯೂಕ್ಯೆಯನ್ನು ಕೇಳಿರಲಿಲ್ಲ.
ಹಲ್ಲಿನ ಸೆಟ್ಟಿನಡಿ ಹುಣ್ಣೆಂದು ಯಾರೋ ಬರೆದುಕೊಟ್ಟ ಜೆಲ್,
ಕಿತ್ತಳೆ ವಾಸನೆಯದು, ನಾಲ್ಕು ದಿನ.
ಮುಲಾಮಿಗೆಲ್ಲ ಲೆಕ್ಕವೇ ಅಂದುಕೊಂಡಳು, ಹೇಳಲಿಲ್ಲ.
ಯಂತ್ರ ಅಂಕಿ ತೋರಿಸದೆ ಕೈಚೆಲ್ಲಿತ್ತು.
ಅವಳ ತೋಳಿನ ತುಂಬ ನೇರಳೆ ನಕ್ಷೆ.

ಬದುಕಿದಳು. ಆದರೂ ಅಡ್ಡರಸ್ತೆಗಳಲ್ಲಿ ಕಾರು ತಿರುಗಿಸುವಾಗ
ಆ ಪ್ರಶ್ನೆ ನನ್ನ ಬಾಯಲ್ಲೇ ಇರುತ್ತದೆ, ಹುಣ್ಣಿನ ಹಾಗೆ.

ಸೊಸೆಗೆ ಹೊಸ ಮಾತ್ರೆಯಂತೆ, ಚುಚ್ಚುವುದೇ ಬೇಡವಂತೆ?
ನಿನ್ನ ಲೋಹಕ್ಕೆ ಅದು ಒಗ್ಗದು. ನಮಗೆ ಈ ಹಳೆಯದೇ ಗತಿ.

ಅಂಕಿ ಕಚೇರಿಗೆ ಹೋಯಿತು. ವೈದ್ಯೆ ನೋಡಿ
ಸಂಜೆಯೊಳಗೆ ಹೊಸ ಪಟ್ಟಿ ಕಳಿಸುತ್ತಾಳೆ,
ಶುಕ್ರವಾರ ಮತ್ತೆ ಬೆರಳು.

ಏಳುವ ಹೊತ್ತಿಗೆ ಅವನು ಮೆಲ್ಲಗೆ ಕೇಳಿದ:
ಭಾನುವಾರಕ್ಕೆ ಮಂಜು ಒಂದು ಗೇಣು ದಪ್ಪವಾದರೆ
ಒಂದೇ ಒಂದು ಸುತ್ತು?
ಬಾಗಿಲ ಹಿಂದೆ ಆಗಲೇ ಎಣ್ಣೆ ಒರೆಸಿಟ್ಟ ಸ್ಕೇಟುಗಳು.

ಹೆಲ್ಮೆಟ್ ಹಾಕು ಎಂದೆ. ತಲೆ ತಾಗಿದರೆ
ಒಂದು ಹನಿ ಕಾಣದಿದ್ದರೂ ನೇರ ಆಸ್ಪತ್ರೆಗೆ,
ಬಂದು ಕಾಫಿ ಕುಡಿದು ನೋಡೋಣ ಅನ್ನಬೇಡ.
ತಲೆಯಾಡಿಸಿದ. ನನ್ನ ಮಾತನ್ನಲ್ಲ,
ಕಿಟಕಿಯಾಚೆಯ ಕೆನೆಯನ್ನು ನೋಡುತ್ತ.

ಹೊರಗೆ ಬಾತುಗಳ ಕಪ್ಪು ಇನ್ನೂ ಕಿರಿದಾಗಿದೆ.
ಏಳನೆಯ ಮನೆ ಸೇತುವೆಯಾಚೆ.
ಒಳಗಿನಿಂದ ಬೌಕ್ಯೆಯ ದನಿ:
ಹತ್ತಿ ತೆಗೆಯಬೇಡವೋ, ಇನ್ನೂ ಒತ್ತಿ ಹಿಡಿ.